ಕಣ್ಣು ಕಂಡದ್ದೆಲ್ಲ ಸತ್ಯವೇ?

ಪ್ರತ್ಯಕ್ಷವಾಗಿ ಕಂಡರೂ ಪ್ರಮಾಣಿಸಿ ನೋಡು ಎಂಬ ಗಾದೆ ನಮ್ಮಲ್ಲಿದೆ. ಆದರೆ ನ್ಯಾಯಾಲಯದ ಕಟಕಟೆಯಲ್ಲಿ ನಿಂತು ಒಬ್ಬರು ಬೆರಳು ತೋರಿಸಿ ‘ಇವನೇ ಅವನು’ ಎಂದರೆ ನಾವು ಆ ಗಾದೆಯನ್ನು ಮರೆತುಬಿಡುತ್ತೇವೆ. ‘ನಾನು ಅಂದು ಅಲ್ಲಿರಲೇ ಇಲ್ಲ’ ಎಂಬ ಆರೋಪಿಯ ಮಾತು ನಮಗೆ ಬರೀ ನೆಪದಂತೆ ಕೇಳಿಸುತ್ತದೆ. ಕಾನೂನಿನಲ್ಲಿ ಈ ವಾದಕ್ಕೆ ಅಲಿಬಿ ಎನ್ನುತ್ತಾರೆ. ಲ್ಯಾಟಿನ್ ಭಾಷೆಯ ಈ ಪದಕ್ಕೆ ‘ಬೇರೆ ಕಡೆ’ ಎಂದಷ್ಟೇ ಅರ್ಥ. ಈ ಎರಡು ಮಾತುಗಳನ್ನು ತೂಗುವಲ್ಲಿ ತಪ್ಪಿದರೆ ಏನಾಗುತ್ತದೆ ಎಂಬುದಕ್ಕೆ ಇಂಗ್ಲೆಂಡಿನ ಅಡಾಲ್ಫ್ ಬೆಕ್ ಪ್ರಕರಣ ಸಾಕ್ಷಿ.

1895ರ ಡಿಸೆಂಬರ್‌ನಲ್ಲಿ ಲಂಡನ್ನಿನ ವಿಕ್ಟೋರಿಯಾ ರಸ್ತೆಯಲ್ಲಿ ಮಹಿಳೆಯೊಬ್ಬರು ಬೆಕ್‌ನನ್ನು ತಡೆದು, ತನ್ನ ಗಡಿಯಾರ, ಉಂಗುರಗಳನ್ನು ವಂಚಿಸಿ ಒಯ್ದವನು ಇವನೇ ಎಂದರು. ಶ್ರೀಮಂತನ ಸೋಗು ಹಾಕಿ, ಬೆಲೆಯಿಲ್ಲದ ಚೆಕ್ ಕೊಟ್ಟು, ಒಡವೆಯೊಂದಿಗೆ ಮಾಯವಾಗುವ ಒಬ್ಬ ವಂಚಕನಿಗಾಗಿ ಪೊಲೀಸರು ಹುಡುಕುತ್ತಿದ್ದರು. ನಾರ್ವೆ ಮೂಲದ ಬೆಕ್ ಬಂಧಿತನಾದ. ಮೋಸಹೋದ ಮಹಿಳೆಯರು ಒಬ್ಬರ ಹಿಂದೊಬ್ಬರಂತೆ ಬಂದು ಅವನನ್ನೇ ಗುರುತಿಸಿದರು. ಇವರಾರೂ ಸುಳ್ಳು ಹೇಳುವವರಲ್ಲ. ಅವರು ತಾವು ಕಂಡದ್ದನ್ನೇ ಹೇಳುತ್ತಿದ್ದೇವೆಂದು ಮನಸಾರೆ ನಂಬಿದ್ದರು.

1877ರಲ್ಲಿ ಇದೇ ಬಗೆಯ ವಂಚನೆಗಾಗಿ ಜಾನ್ ಸ್ಮಿತ್ ಎಂಬವನಿಗೆ ಶಿಕ್ಷೆಯಾಗಿತ್ತು. ಆಗ ಅವನನ್ನು ಹಿಡಿದಿದ್ದ ಪೊಲೀಸನೊಬ್ಬ ಕೆಳ ನ್ಯಾಯಾಲಯದಲ್ಲಿ ಬೆಕ್‌ನನ್ನು ನೋಡಿ, ಆ ಸ್ಮಿತ್ ಇವನೇ ಎಂದು ಪ್ರಮಾಣ ಮಾಡಿದ. ಹಳೆಯ ಪತ್ರಗಳೂ ಹೊಸ ಪತ್ರಗಳೂ ಒಂದೇ ಕೈಯವು ಎಂದು ಕೈಬರಹ ತಜ್ಞ ಹೇಳಿದ. ಬೆಕ್‌ನಲ್ಲಿದ್ದ ದೊಡ್ಡ ಅಸ್ತ್ರ ಇಲ್ಲಿಯೇ ಇತ್ತು. 1877ರಲ್ಲಿ ಅವನು ದಕ್ಷಿಣ ಅಮೆರಿಕದ ಪೆರುವಿನಲ್ಲಿದ್ದ. ಎರಡೂ ಕಾಲದ ಪತ್ರಗಳನ್ನು ಬರೆದವನು ಒಬ್ಬನೇ ಆಗಿದ್ದರೆ, ಆ ಕಾಲದಲ್ಲಿ ಪೆರುವಿನಲ್ಲಿದ್ದವನು ಅವನಾಗಿರಲು ಹೇಗೆ ಸಾಧ್ಯ?

ಆದರೆ 1896ರ ಮಾರ್ಚ್‌ನಲ್ಲಿ ಓಲ್ಡ್ ಬೈಲಿಯ ನ್ಯಾಯಾಧೀಶರು, 1877ರ ಪ್ರಕರಣ ತಮ್ಮ ಮುಂದಿಲ್ಲವೆಂದು ಈ ಸಾಕ್ಷ್ಯಕ್ಕೆ ಬಾಗಿಲು ಮುಚ್ಚಿದರು. ವಿಚಿತ್ರವೆಂದರೆ 1877ರಲ್ಲಿ ಸ್ಮಿತ್‌ನ ವಿರುದ್ಧ ಸರಕಾರದ ಪರವಾಗಿ ವಾದಿಸಿದ್ದ ವಕೀಲರೂ ಇವರೇ. ಬೆಕ್‌ಗೆ ಏಳು ವರ್ಷ ಶಿಕ್ಷೆಯಾಯಿತು. ನ್ಯಾಯಾಲಯದಲ್ಲಿ ಸ್ಮಿತ್‌ನ ವಿಷಯ ಎತ್ತಲು ಬಿಡದ ವ್ಯವಸ್ಥೆ, ಜೈಲಿನಲ್ಲಿ ಮಾತ್ರ ಅವನನ್ನು ಸ್ಮಿತ್ ಎಂದೇ ನಡೆಸಿಕೊಂಡಿತು. 1898ರಲ್ಲಿ ದಾಖಲೆ ತೆಗೆದು ನೋಡಿದಾಗ ಯಹೂದಿಯಾದ ಸ್ಮಿತ್‌ಗೆ ಸುನ್ನತಿಯಾಗಿತ್ತು, ಬೆಕ್‌ಗೆ ಆಗಿರಲಿಲ್ಲ. ಆಗಲೂ ಬದಲಾದದ್ದು ಕೈದಿಯ ಸಂಖ್ಯೆಯೇ ಹೊರತು ಶಿಕ್ಷೆಯಲ್ಲ.

1901ರಲ್ಲಿ ಹೊರಬಂದ ಬೆಕ್ 1904ರಲ್ಲಿ ಅದೇ ಬಗೆಯ ಆರೋಪದಲ್ಲಿ ಮತ್ತೆ ಸಿಕ್ಕಿದ. ಮತ್ತೆ ಮಹಿಳೆಯರು ಗುರುತಿಸಿದರು, ಮತ್ತೆ ದೋಷಿಯಾದ. ಈ ಬಾರಿಯ ನ್ಯಾಯಾಧೀಶರು ಸಂಶಯಗೊಂಡು ಶಿಕ್ಷೆ ವಿಧಿಸುವುದನ್ನು ಮುಂದೂಡಿದರು. ಬೆಕ್ ಸೆರೆಯಲ್ಲಿರುವಾಗಲೇ ಜುಲೈನಲ್ಲಿ, ವಂಚಿಸಿದ ಉಂಗುರಗಳನ್ನು ಅಡವಿಡಲು ಹೋದ ನಿಜವಾದ ಸ್ಮಿತ್ ಸಿಕ್ಕಿಬಿದ್ದ. ಬೆಕ್‌ಗೆ ಕ್ಷಮಾದಾನ ನೀಡಿದರು, ಮಾಡದ ತಪ್ಪಿಗೆ! ಕೊನೆಗೆ ಪರಿಹಾರವಾಗಿ 5,000 ಪೌಂಡ್ ದೊರೆಯಿತು. ಬೇರೆ ಆಧಾರವಿಲ್ಲದ ಗುರುತಿಸುವಿಕೆ, ಎಷ್ಟೇ ಪ್ರಾಮಾಣಿಕವಾಗಿದ್ದರೂ, ತೀರ್ಪಿಗೆ ಸುರಕ್ಷಿತ ತಳಹದಿಯಲ್ಲ ಎಂದು ತನಿಖಾ ಸಮಿತಿ ಹೇಳಿತು. 1907ರಲ್ಲಿ ಇಂಗ್ಲೆಂಡಿನಲ್ಲಿ ಕ್ರಿಮಿನಲ್ ಮೇಲ್ಮನವಿ ನ್ಯಾಯಾಲಯ ಸ್ಥಾಪನೆಯಾಗಲು ಈ ಪ್ರಕರಣವೂ ಒಂದು ಕಾರಣ. ಬೆಕ್ 1909ರಲ್ಲಿ ತೀರಿಕೊಂಡ.

ಬ್ರಿಟಿಷರು ನಮಗೆ ಕೊಟ್ಟ 1872ರ ಸಾಕ್ಷ್ಯ ಅಧಿನಿಯಮದಲ್ಲಿ ಅಲಿಬಿಗೆ ಸ್ಥಾನವಿತ್ತು. ಅಪರಾಧ ಕಲ್ಕತ್ತೆಯಲ್ಲಿ ನಡೆದ ದಿನ ಆರೋಪಿ ಲಾಹೋರಿನಲ್ಲಿದ್ದ ಎಂಬುದು ಸುಸಂಗತ ಸಂಗತಿಯೆಂದು ಅದು ಉದಾಹರಿಸುತ್ತಿತ್ತು. 2024ರ ಜುಲೈ 1ರಿಂದ ಜಾರಿಗೆ ಬಂದ ಭಾರತೀಯ ಸಾಕ್ಷ್ಯ ಅಧಿನಿಯಮದಲ್ಲಿಯೂ ಈ ತತ್ವ ಉಳಿದಿದೆ. ಬೇರೆ ಕಡೆ ಇದ್ದೆನೆಂಬುದನ್ನು ರುಜುವಾತು ಮಾಡುವ ಹೊಣೆ ಆರೋಪಿಯದು. ಆದರೆ ಅವನು ಸೋತರೆ ಅಪರಾಧ ಸಾಬೀತಾದಂತಲ್ಲ. ಆ ಭಾರ ಸರಕಾರದ ಮೇಲೆಯೇ ಉಳಿಯುತ್ತದೆ.

ತತ್ವ ಚೆನ್ನಾಗಿದೆ. ಆದರೆ ಅಂದು ತಾನು ಎಲ್ಲಿದ್ದೆನೆಂದು ತೋರಿಸಲು ಬಡವನ ಬಳಿ ಏನಿರುತ್ತದೆ? ಕಚೇರಿಯ ನೌಕರನಿಗೆ ಹಾಜರಿ ಪುಸ್ತಕವಿದೆ. ಹಮಾಲಿಗೆ, ಬೀಡಿ ಕಟ್ಟುವವಳಿಗೆ, ಗುಜರಿ ಆಯುವವನಿಗೆ ಸಾಕ್ಷಿ ಹೇಳುವವರು ಮನೆಯವರು, ನೆರೆಯವರು, ಮಸೀದಿಯ ಸಾಲಿನಲ್ಲಿ ಪಕ್ಕ ನಿಂತವರು. ‘ಸ್ವಂತದವರು, ಹಾಗೆ ಹೇಳಲೇಬೇಕಲ್ಲ’ ಎಂದು ನಾವು ಅವರ ಮಾತನ್ನು ತಳ್ಳಿಹಾಕುತ್ತೇವೆ. ಆದರೆ ರಾತ್ರಿ ಮನೆಯಲ್ಲಿ ಮಲಗಿದ್ದವನನ್ನು ಹೆಂಡತಿ ಮಕ್ಕಳಲ್ಲದೆ ಇನ್ನಾರು ಕಂಡಾರು?

ಪ್ರವಾದಿ ಯೂಸುಫರ(ಅ) ಮೇಲೆ ಆರೋಪ ಬಂದಾಗ ಆ ಮನೆತನದವರೇ ಒಬ್ಬರು ಅಂಗಿ ಎಲ್ಲಿ ಹರಿದಿದೆ ನೋಡಿ ಎಂದರೆಂದು ಪವಿತ್ರ ಕುರ್‌ಆನ್ ತಿಳಿಸುತ್ತದೆ. ಅಂಗಿ ಹಿಂದಿನಿಂದ ಹರಿದಿತ್ತು. ಇಬ್ಬರ ಅಂತಸ್ತನ್ನು ತೂಗದೆ ಅಂಗಿಯನ್ನು ಪರೀಕ್ಷಿಸಿದ್ದರಿಂದ ಸತ್ಯ ಹೊರಬಂತು. ಬೆಕ್‌ನ ಪೆರುವಿನ ಸಾಕ್ಷ್ಯವೂ ಅಂಥ ಒಂದು ಅಂಗಿಯಾಗಿತ್ತು. ಅದನ್ನು ಬಿಡಿಸಿ ನೋಡುವ ವ್ಯವಧಾನ ಆ ನ್ಯಾಯಾಲಯಕ್ಕೆ ಇರಲಿಲ್ಲ. ನಮ್ಮ ಊರಿನ ಹುಡುಗನೊಬ್ಬ ಬಂಧಿತನಾದ ಮರುದಿನವೇ ಪತ್ರಿಕೆ ನೋಡಿ ತೀರ್ಪು ಕೊಡುವ ನಮಗಾದರೂ ಆ ವ್ಯವಧಾನ ಇರಬೇಡವೇ?