ತಲೆಕೆಳಗಾದ ದಾಂಡು

ಒಂದು ದೇಶದ ಆಟವನ್ನು ಇನ್ನೊಂದು ದೇಶ ಕಲಿತು ತನ್ನದಾಗಿಸಿಕೊಂಡ ಮೇಲೆ, ಮೂಲ ದೇಶದವನೊಬ್ಬ ಅಲ್ಲಿಗೆ ಆಡಲು ಬಂದರೆ ಅವನು ಅತಿಥಿಯೋ, ಗುರುವೋ, ಕೂಲಿಯ ಆಳೋ? ಜಪಾನಿನ ಬೇಸ್‌ಬಾಲ್ ಚರಿತ್ರೆಯಲ್ಲಿ ಡ್ಯಾರಿಲ್ ಸ್ಪೆನ್ಸರ್ ಎಂಬ ಅಮೆರಿಕನ್ ಆಟಗಾರ ಈ ಮೂರೂ ಆಗಿದ್ದನು.

ಹೋರೇಸ್ ವಿಲ್ಸನ್ ಎಂಬ ಅಮೆರಿಕನ್ ಉಪಾಧ್ಯಾಯನು 1872ರ ಸುಮಾರಿಗೆ ಟೋಕಿಯೋದ ತನ್ನ ವಿದ್ಯಾರ್ಥಿಗಳಿಗೆ ಈ ಆಟವನ್ನು ಕಲಿಸಿದನು. ಅದು ಶಾಲೆ ಕಾಲೇಜುಗಳಲ್ಲಿ ಬೇರೂರಿತು. 1936ರಲ್ಲಿ ಸಂಬಳದ ಆಟಗಾರರ ಲೀಗ್ ಹುಟ್ಟಿತು. ತಂಡಗಳ ಒಡೆತನ ಕಂಪನಿಗಳದು. ಒಸಾಕಾ ಸುತ್ತಿನ ರೈಲು ಕಂಪನಿಗಳಾದ ಹಾನ್‌ಕ್ಯೂ, ನಾನ್‌ಕಾಯ್, ಹಾನ್‌ಶಿನ್, ಕಿಂಟೆತ್ಸು ಒಂದೊಂದು ತಂಡವನ್ನು ಸಾಕುತ್ತಿದ್ದವು. ಇವುಗಳಲ್ಲಿ ಹಾನ್‌ಕ್ಯೂ ಬ್ರೇವ್ಸ್ 1936ರಿಂದಲೂ ಆಡುತ್ತಿದ್ದರೂ ಒಮ್ಮೆಯೂ ಲೀಗಿನ ಪ್ರಶಸ್ತಿಯನ್ನು ಕಂಡಿರಲಿಲ್ಲ. ಸ್ಪೆನ್ಸರ್ 1964ರಲ್ಲಿ ಬಂದು ಸೇರಿದ್ದು ಈ ತಂಡವನ್ನು.

ಕ್ಯಾನ್ಸಾಸ್ ಪ್ರಾಂತದ ವಿಚಿಟಾ ಊರಿನ ಈ ಆಜಾನುಬಾಹು ಒಳಮೈದಾನದ ರಕ್ಷಕನು. 1952ರಲ್ಲಿ ನ್ಯೂಯಾರ್ಕ್ ಜಯಂಟ್ಸ್ ತಂಡದಲ್ಲಿ ಕಾಣಿಸಿಕೊಂಡನು. ಆ ತಂಡ ಸ್ಯಾನ್ ಫ್ರಾನ್ಸಿಸ್ಕೋಗೆ ವಲಸೆ ಹೋದಾಗ, 1958ರ ಏಪ್ರಿಲ್ 15ರಂದು, ಅಮೆರಿಕದ ಪಶ್ಚಿಮ ಕರಾವಳಿಯಲ್ಲಿ ಮೇಜರ್ ಲೀಗಿನ ಮೊದಲ ಹೋಂ ರನ್ ಬಾರಿಸಿದವನು ಇವನೇ. 1963ರ ಹೊತ್ತಿಗೆ ಅಲ್ಲಿ ಇವನಿಗೆ ಅವಕಾಶ ಮುಗಿದಿತ್ತು.

ಜಪಾನಿನಲ್ಲಿ ಮೊದಲ ವರ್ಷವೇ 36 ಹೋಂ ರನ್. ಆದರೆ ಅಲ್ಲಿಯವರು ಅವನನ್ನು ‘ದೈತ್ಯ’ ಎಂದದ್ದು ಅವನ ಹೊಡೆತಕ್ಕಾಗಿ ಮಾತ್ರವೇ ಅಲ್ಲ. ಓಟದಲ್ಲಿ ಅವನು ಎರಡನೆಯ ನೆಲೆಗೆ ಕಾಲು ಮುಂದಾಗಿ ಜಾರಿ ಬರುವಾಗ, ಅಲ್ಲಿ ಚೆಂಡು ಹಿಡಿದು ನಿಂತವನು ಪಕ್ಕಕ್ಕೆ ಸರಿಯದೆ ಗತಿಯಿರಲಿಲ್ಲ. ಸೌಮ್ಯವಾಗಿ ಆಡುತ್ತಿದ್ದವರಿಗೆ ಇದು ಒರಟುತನವೆನಿಸಿತು. ಸ್ಪೆನ್ಸರನಿಗೆ ಇದೇ ಆಟ.

1965ರಲ್ಲಿ ಹೋಂ ರನ್ ಕಿರೀಟಕ್ಕೆ ಇಬ್ಬರ ಪೈಪೋಟಿ ಬಿತ್ತು: ಸ್ಪೆನ್ಸರ್ ಮತ್ತು ನಾನ್‌ಕಾಯ್ ತಂಡದ ಕತ್ಸುಯಾ ನೊಮುರ. ಕ್ರಿಕೆಟ್ ಬಲ್ಲ ನಮ್ಮ ಓದುಗರಿಗೆ ಒಂದು ನಿಯಮವನ್ನು ಹೇಳಬೇಕು. ಎಸೆತಗಾರನು ನಾಲ್ಕು ಚೆಂಡುಗಳನ್ನು ದಾಂಡಿಗನಿಗೆ ಎಟುಕದಂತೆ ಎಸೆದರೆ, ದಾಂಡಿಗನು ನಡೆದುಕೊಂಡೇ ಮೊದಲ ನೆಲೆಗೆ ಹೋಗಬಹುದು. ಬಲಶಾಲಿಯ ಹೊಡೆತವನ್ನು ತಪ್ಪಿಸಲು ಇದು ನ್ಯಾಯವಾದ ಉಪಾಯ. ಆದರೆ ಆ ವರ್ಷ ಸ್ಪೆನ್ಸರನಿಗೆ ಸಾಲುಸಾಲಾಗಿ ಎಂಟು ಬಾರಿ ಹೀಗೆ ದಾರಿ ಬಿಡಲಾಯಿತು. ಪಂದ್ಯದ ಸೋಲುಗೆಲುವಿಗಿಂತ, ಕಿರೀಟವು ಪರದೇಶಿಯ ತಲೆಗೆ ಹೋಗಬಾರದೆಂಬ ಚಿಂತೆ ಅಲ್ಲಿ ದೊಡ್ಡದಾಗಿತ್ತು.

ಅಕ್ಟೋಬರ್ ಆರಂಭದಲ್ಲಿ ನಾನ್‌ಕಾಯ್ ವಿರುದ್ಧ ಆಡುವಾಗ ಸ್ಪೆನ್ಸರ್ ದಾಂಡನ್ನು ತಲೆಕೆಳಗೆ ಹಿಡಿದು ನಿಂತನು. ತೆಳುವಾದ ಹಿಡಿಯಿಂದ ಯಾರು ತಾನೇ ಹೋಂ ರನ್ ಹೊಡೆದಾರು? ಆದರೂ ಚೆಂಡು ಅವನ ಕೈಗೆಟುಕುವಂತೆ ಬರಲಿಲ್ಲ. ಅವನನ್ನು ಮತ್ತೆ ನಡೆಸಿಯೇ ಕಳಿಸಿದರು. ಅದಾದ ಕೆಲವೇ ದಿನಗಳಲ್ಲಿ ಮೋಟಾರ್ ಸೈಕಲ್ ಅಪಘಾತದಲ್ಲಿ ಅವನ ಕಾಲು ಮುರಿಯಿತು. ಆ ವರ್ಷದ ಲೆಕ್ಕ ನೊಮುರನಿಗೆ 42, ಸ್ಪೆನ್ಸರನಿಗೆ 38 ಎಂದು ಮುಗಿಯಿತು.

ನೊಮುರನ ಸಾಧನೆಯನ್ನು ಇಲ್ಲಿ ಹಗುರ ಮಾಡಲಾಗದು. ಸರಾಸರಿಯಲ್ಲೂ, ತಂಡಕ್ಕೆ ತಂದುಕೊಟ್ಟ ಓಟಗಳಲ್ಲೂ ಅವನೇ ಮೊದಲಿಗನಾಗಿ, ಯುದ್ಧಾನಂತರದ ಜಪಾನಿನಲ್ಲಿ ತ್ರಿವಳಿ ಕಿರೀಟ ಧರಿಸಿದ ಮೊದಲ ಆಟಗಾರನಾದನು. ಇಂಥ ಸಮರ್ಥನಿಗೆ ಇತರರ ಸಂಕುಚಿತತನದ ಆಸರೆ ಬೇಕಿತ್ತೇ ಎಂಬುದೇ ಉಳಿಯುವ ಪ್ರಶ್ನೆ. ಪರದೇಶಿಯೊಬ್ಬನಿಗೆ ಅಲ್ಲಿ ಹೋಂ ರನ್ ಕಿರೀಟ ದಕ್ಕಲು 1974 ಬರಬೇಕಾಯಿತು. ಆಗ ಗೆದ್ದ ಕ್ಲಾರೆನ್ಸ್ ಜೋನ್ಸ್ ಹೊಡೆದದ್ದೂ 38!

ಸ್ಪೆನ್ಸರ್ ಮುನಿಸಿಕೊಂಡು ಊರಿಗೆ ಹೊರಟುಹೋಗಲಿಲ್ಲ. ಎಸೆತಗಾರರು ಚೆಂಡು ಹಿಡಿಯುವ ರೀತಿ, ಕೈಗವಸಿನ ಅಲುಗಾಟ ಮೊದಲಾದ ಸಣ್ಣ ಚಾಳಿಗಳನ್ನು ಕಂಡುಹಿಡಿದು, ಮುಂದೆ ಬರುವ ಎಸೆತ ಯಾವುದೆಂದು ಊಹಿಸುವುದು ಅವನಿಗೆ ಕರಗತವಾಗಿತ್ತು. ಆ ವಿದ್ಯೆಯನ್ನು ಬಚ್ಚಿಡದೆ ಜೊತೆಗಾರರಿಗೆ ಹಂಚಿದನು. ಯುಕಿಯೊ ನಿಶಿಮೊತೊ ಎಂಬ ಕಟ್ಟುನಿಟ್ಟಿನ ವ್ಯವಸ್ಥಾಪಕನ ಕೈಕೆಳಗೆ ಹಾನ್‌ಕ್ಯೂ 1967ರಲ್ಲಿ ಮೊಟ್ಟಮೊದಲ ಬಾರಿಗೆ ಲೀಗ್ ಗೆದ್ದಿತು. ಆ ವರ್ಷ ಸ್ಪೆನ್ಸರ್ ಹೊಡೆದದ್ದು 30 ಹೋಂ ರನ್. 1968ರ ನಂತರ ಊರಿಗೆ ಮರಳಿದವನನ್ನು 1971ರಲ್ಲಿ ಆಟಗಾರನಾಗಿ, ಶಿಕ್ಷಕನಾಗಿ ಅದೇ ತಂಡ ಪುನಃ ಕರೆಸಿಕೊಂಡಿತು.

ಚರಿತ್ರೆಯ ವಿನೋದ ಇನ್ನೊಂದಿದೆ. 1970ರಲ್ಲಿ ನೊಮುರನೇ ನಾನ್‌ಕಾಯ್ ತಂಡದ ವ್ಯವಸ್ಥಾಪಕನಾದನು. ತನ್ನ ಮುಖ್ಯ ಸಹಾಯಕನಾಗಿ ಅವನು ಆರಿಸಿಕೊಂಡದ್ದು ಯಾರನ್ನು? ಅದೇ ತಂಡದಲ್ಲಿ 1967ರಿಂದ ಆಡಿದ್ದ, ಒಳಮೈದಾನದವನೇ ಆದ ಡಾನ್ ಬ್ಲೇಸಿಂಗೇಮ್ ಎಂಬ ಅಮೆರಿಕನ್ನನನ್ನು! 1973ರಲ್ಲಿ ಆ ಜೋಡಿ ಲೀಗನ್ನೂ ಗೆದ್ದಿತು. ಕಿರೀಟವನ್ನು ಪರದೇಶಿಗೆ ಬಿಡಲೊಪ್ಪದ ಕಾಲ ಕಳೆದು ಹತ್ತು ವರ್ಷವೂ ಆಗಿರಲಿಲ್ಲ. ಪರದೇಶಿಯ ಬುದ್ಧಿಗೆ ಮನೆಯೊಳಗೆ ಮಣೆ ಹಾಕಿಯಾಗಿತ್ತು.

ಜಪಾನಿನ ಏಳು ಋತುಗಳಲ್ಲಿ 152 ಹೋಂ ರನ್ ಬಾರಿಸಿದ ಸ್ಪೆನ್ಸರ್ 2017ರಲ್ಲಿ ತೀರಿಕೊಂಡನು. ಲೆಕ್ಕದ ಪುಸ್ತಕದಲ್ಲಿ ಅವನಿಗೆ ನಾಲ್ಕು ಹೊಡೆತ ಕಡಿಮೆ ಬಿದ್ದವು ನಿಜ. ಆದರೆ ಎದುರಾಳಿಯ ಕೈಬೆರಳನ್ನು ಓದಬೇಕೆಂಬ ಪಾಠ ಹಾನ್‌ಕ್ಯೂ ಆಟಗಾರರಲ್ಲಿ ಉಳಿಯಿತು. ನಾಲ್ಕು ಚೆಂಡು ದೂರ ಎಸೆದು ಅದನ್ನು ತಡೆಯುವಂತಿರಲಿಲ್ಲ.