ಜಾನಪದ ಆಕರಗಳ ರಕ್ಷಣೆ ಮತ್ತು ಹಂಚಿಕೆ: ಒಂದು ಚಾರಿತ್ರಿಕ ಅವಲೋಕನ

ಜಾನಪದ ಸಂಶೋಧನೆಯ ಫಲ ಸಾಮಾನ್ಯವಾಗಿ ಗ್ರಂಥರೂಪದಲ್ಲಿ ವಿದ್ವಾಂಸರ ಮುಂದೆ ಬರುತ್ತದೆ. ಆ ಗ್ರಂಥಕ್ಕೆ ಆಧಾರವಾದ ಧ್ವನಿಸುರುಳಿ, ಕ್ಷೇತ್ರಕಾರ್ಯದ ಟಿಪ್ಪಣಿ, ಛಾಯಾಚಿತ್ರ ಮುಂತಾದವು ಬಹುಮಟ್ಟಿಗೆ ಸಂಶೋಧಕರ ಮನೆಯಲ್ಲಿಯೇ ಉಳಿಯುತ್ತವೆ. ಮುದ್ರಿತ ಪಾಠದಲ್ಲಿ ಗಾಯಕನ ಮಾತೆಷ್ಟು, ಸಂಪಾದಕನ ಕೈವಾಡವೆಷ್ಟು ಎಂಬುದನ್ನು ತಿಳಿಯಲು ಈ ಆಕರಗಳ ಹೊರತು ಅನ್ಯಮಾರ್ಗವಿಲ್ಲ. ಆಕರಗಳನ್ನು ಉಳಿಸುವ ಮತ್ತು ಹೊಣೆಯರಿತು ಹಂಚುವ ಪ್ರಶ್ನೆಯನ್ನು ಕೆಲವು ಚಾರಿತ್ರಿಕ ನಿದರ್ಶನಗಳ ಮೂಲಕ ಪರಿಶೀಲಿಸುವುದು ಪ್ರಸ್ತುತ ಲೇಖನದ ಉದ್ದೇಶ.

ಜರ್ಮನಿಯ ಗ್ರಿಮ್ ಸಹೋದರರ ಕಥಾಸಂಕಲನದ ಮೊದಲ ಸಂಪುಟ 1812ರಲ್ಲಿ ಪ್ರಕಟವಾಯಿತು. ಸಂಗ್ರಹದ ಮೂಲ ಟಿಪ್ಪಣಿಗಳನ್ನು ಅವರು ಉಳಿಸಲಿಲ್ಲ. 1810ರಲ್ಲಿ ಕವಿ ಕ್ಲೆಮೆನ್ಸ್ ಬ್ರೆಂಟಾನೊಗೆ ಕಳುಹಿಸಿದ್ದ ಹಸ್ತಪ್ರತಿಯೊಂದು ಮಾತ್ರ ಅವರಿಗೆ ಹಿಂದಿರುಗದೆ, ಆಲ್ಸೇಸ್ ಪ್ರಾಂತ್ಯದ ಓಲೆನ್‌ಬರ್ಗ್ ಮಠದಲ್ಲಿ ಉಳಿದು, ಇಪ್ಪತ್ತನೆಯ ಶತಮಾನದಲ್ಲಿ ಬೆಳಕಿಗೆ ಬಂದಿತು. ಅದನ್ನು ಮುದ್ರಿತ ಪಾಠಗಳೊಡನೆ ಹೋಲಿಸಿದಾಗಲೇ ತಿದ್ದುಪಡಿಗಳ ಪ್ರಮಾಣ ಸ್ಪಷ್ಟವಾದದ್ದು. ಹಿಮಬಿಳುಪಿನ ಹುಡುಗಿಯ ಕಥೆಯಲ್ಲಿ ಮಗಳನ್ನು ಕೊಲ್ಲಿಸಲು ಹೊರಟವಳು ಮೊದಲು ಹೆತ್ತ ತಾಯಿಯೇ. 1819ರ ಆವೃತ್ತಿಯಲ್ಲಿ ಆಕೆ ಮಲತಾಯಿಯಾದಳು. ಆಕರವೊಂದು ಉಳಿದದ್ದು ಇಲ್ಲಿ ಕೇವಲ ಆಕಸ್ಮಿಕ.

ಫಿನ್ಲೆಂಡಿನ ನಿದರ್ಶನ ಇದಕ್ಕೆ ಭಿನ್ನವಾದುದು. ಎಲಿಯಾಸ್ ಲೋನ್‌ರೋಟ್ ಹಾಡುಗಳನ್ನು ಜೋಡಿಸಿ 1835ರಲ್ಲಿ, ವಿಸ್ತೃತ ರೂಪದಲ್ಲಿ 1849ರಲ್ಲಿ, 'ಕಲೇವಲ'ವನ್ನು ಪ್ರಕಟಿಸಿದನು. ಅವನೂ ಪಾಠವನ್ನು ತಿದ್ದಿದವನೇ. ಆದರೆ 1831ರಲ್ಲಿ ಸ್ಥಾಪಿತವಾದ ಫಿನ್ನಿಷ್ ಸಾಹಿತ್ಯ ಸಂಘದಲ್ಲಿ ಅವನ ಟಿಪ್ಪಣಿಗಳು ಸುರಕ್ಷಿತವಾಗಿ ಉಳಿದವು. ಆ ಪರಂಪರೆಯ ಹಾಡುಗಳ ಮೂಲಪಾಠಗಳು 1908ರಿಂದ 1948ರವರೆಗೆ 33 ಭಾಗಗಳಲ್ಲಿ ಅಚ್ಚಾದವು. ಇದರಿಂದ ಕಾವ್ಯದ ಒಂದೊಂದು ಸಾಲಿನ ಮೂಲವನ್ನೂ ಹುಡುಕಿ ತೋರಿಸುವುದು ವೈನೊ ಕೌಕೊನೆನ್ ಅವರಂತಹ ವಿದ್ವಾಂಸರಿಗೆ ಸಾಧ್ಯವಾಯಿತು. ಪಾಠವನ್ನು ತಿದ್ದಿದರೂ ಆಕರವನ್ನು ಉಳಿಸಿದ ಸಂಗ್ರಾಹಕ ಮುಂದಿನ ವಿಮರ್ಶೆಗೆ ದಾರಿಯನ್ನು ತೆರೆದಿಟ್ಟಿರುತ್ತಾನೆಂದು ಇಲ್ಲಿ ಗಮನಿಸಬೇಕು.

ಕರ್ನಾಟಕದ ಮಟ್ಟಿಗೆ ಕರ್ನಲ್ ಕಾಲಿನ್ ಮೆಕೆಂಜಿಯ ಸಂಗ್ರಹ ಇಂತಹುದೇ ಪಾಠವನ್ನು ಕಲಿಸುತ್ತದೆ. ಮೈಸೂರು ಸೀಮೆಯ ಮೋಜಣಿಯ ಕಾಲದಲ್ಲಿ ಅವನ ದೇಶೀಯ ಸಹಾಯಕರು ಸ್ಥಳಪುರಾಣ, ವಂಶಾವಳಿ, ಕೈಫಿಯತ್ತುಗಳನ್ನು ಕಲೆಹಾಕಿದರು. ಅವನು 1821ರಲ್ಲಿ ತೀರಿಕೊಂಡ ತರುವಾಯ ಈಸ್ಟ್ ಇಂಡಿಯಾ ಕಂಪನಿ ಸಂಗ್ರಹವನ್ನು ಕೊಂಡಿತು, 1828ರಲ್ಲಿ ಎಚ್.ಎಚ್. ವಿಲ್ಸನ್ ಅದರ ಸೂಚಿಯನ್ನು ಪ್ರಕಟಿಸಿದನು. ದಕ್ಷಿಣದ ಭಾಷೆಗಳ ಹಸ್ತಪ್ರತಿಗಳು ಮದರಾಸಿನಲ್ಲಿ ಉಳಿದವು. ಎಂ.ಎಂ. ಕಲಬುರ್ಗಿಯವರ ಸಂಪಾದಕತ್ವದಲ್ಲಿ 'ಕರ್ನಾಟಕದ ಕೈಫಿಯತ್ತುಗಳು' ಹಂಪಿಯ ಕನ್ನಡ ವಿಶ್ವವಿದ್ಯಾಲಯದಿಂದ ಹೊರಬಂದದ್ದು 1994ರಲ್ಲಿ. ಸಂಗ್ರಾಹಕ ಊಹಿಸಿರದ ಪ್ರಶ್ನೆಗಳನ್ನು ಒಂದೂಮುಕ್ಕಾಲು ಶತಮಾನದ ಅನಂತರದ ಓದುಗರು ಆ ಬರೆಹಗಳಿಗೆ ಹಾಕಲು ಸಾಧ್ಯವಾದುದು ಅವು ಸಾರ್ವಜನಿಕ ಭಂಡಾರದಲ್ಲಿ ಸೂಚಿಸಹಿತ ಇದ್ದುದರಿಂದ.

ಧ್ವನಿಮುದ್ರಣದ ಯುಗದಲ್ಲಿ ಈ ಮಾತಿಗೆ ಇನ್ನಷ್ಟು ತೂಕ ಬಂದಿದೆ. ತುಳುನಾಡಿನ ಸಿರಿ ಕಾವ್ಯವನ್ನು ಬೆಳ್ತಂಗಡಿ ತಾಲ್ಲೂಕಿನ ಮಾಚಾರಿನ ಗೋಪಾಲ ನಾಯ್ಕರು 1985–86ರಲ್ಲಿ ಹೇಳಿ ಬರೆಸಿದಾಗ ಅದು 8,538 ಸಾಲುಗಳಷ್ಟಾಯಿತು. ಅದೇ ಕಾವ್ಯವನ್ನು 1990ರ ಡಿಸೆಂಬರ್‌ನಲ್ಲಿ ಅವರು ಹಾಡಿದಾಗ 15,683 ಸಾಲುಗಳಾದವು. ಲೌರಿ ಹಾಂಕೊ, ಅನೆಲಿ ಹಾಂಕೊ, ಬಿ.ಎ. ವಿವೇಕ ರೈ ಮತ್ತು ಕೆ. ಚಿನ್ನಪ್ಪ ಗೌಡ ಅವರ ತಂಡ ಈ ಹಾಡಿಕೆಯನ್ನು ಧ್ವನಿ ಹಾಗೂ ದೃಶ್ಯ ಎರಡರಲ್ಲಿಯೂ ದಾಖಲಿಸಿ, 1998ರಲ್ಲಿ ಪಾಠವನ್ನು ಎರಡು ಸಂಪುಟಗಳಲ್ಲಿ ಪ್ರಕಟಿಸಿತು. ಹಾಡು ಪಠ್ಯವಾದ ಬಗೆಯನ್ನು ವಿವರಿಸಲು ಪ್ರತ್ಯೇಕ ಗ್ರಂಥವನ್ನೇ ಹಾಂಕೊ ಬರೆದರು. ಹೇಳಿ ಬರೆಸಿದ ಪಾಠವೊಂದೇ ನಮ್ಮ ಕೈಸೇರಿದ್ದರೆ ಕಾವ್ಯದ ಗಾತ್ರದ ಬಗೆಗೆ ನಮ್ಮ ತಿಳಿವಳಿಕೆ ಅರ್ಧದಷ್ಟೇ ಆಗಿರುತ್ತಿತ್ತು.

ಆದರೆ ಸಿರಿ ಕೇವಲ ಕಾವ್ಯವಲ್ಲ, ಆರಾಧನೆಯೂ ಹೌದು. ಸಿರಿ ಜಾತ್ರೆಯಲ್ಲಿ ಮೈದುಂಬಿದ ಹೆಣ್ಣುಮಕ್ಕಳು ತಮ್ಮ ಕುಟುಂಬದ ನೋವುಗಳನ್ನು ಆಡುವುದುಂಟು. ಆ ಕ್ಷಣದ ದೃಶ್ಯಮುದ್ರಣವನ್ನು ಹೆಸರು, ಊರುಗಳೊಡನೆ ಯಾರು ಬೇಕಾದರೂ ನೋಡುವಂತೆ ಇಡುವುದು ವಿದ್ವತ್ತಿನ ಉದಾರತೆ ಎನಿಸದು. ಕಾನೂನು ಕೂಡ ಇಲ್ಲೊಂದು ಗೆರೆ ಎಳೆದಿದೆ. 1957ರ ಕೃತಿಸ್ವಾಮ್ಯ ಕಾಯಿದೆಗೆ 1994ರಲ್ಲಿ ತಂದ ತಿದ್ದುಪಡಿ ಪ್ರದರ್ಶಕರಿಗೆ ತಮ್ಮ ಪ್ರದರ್ಶನದ ಮೇಲೆ ಹಕ್ಕನ್ನು ನೀಡಿತು. ಪ್ರಾಮಾಣಿಕ ಬೋಧನೆ, ಸಂಶೋಧನೆಗಳಿಗಾಗಿಯೇ ಮಾಡುವ ಮುದ್ರಣಕ್ಕೆ ವಿನಾಯಿತಿಯಿದೆ. ಅದನ್ನೇ ಮಾರುಕಟ್ಟೆಗೆ ಬಿಡಲು ಅದು ಪರವಾನಗಿಯಲ್ಲ. ಸಂಶೋಧಕನಿಗೆ ಹಾಡಲು ಒಪ್ಪಿದ ಗಾಯಕ ಲೋಕಕ್ಕೆಲ್ಲ ಹಂಚಲು ಒಪ್ಪಿದನೆಂದು ಭಾವಿಸಲಾಗದು.

ನಮ್ಮ ಇಂದಿನ ಪದ್ಧತಿ ಈ ದೃಷ್ಟಿಯಿಂದ ತಲೆಕೆಳಗಾಗಿದೆ. ವಿಶ್ವವಿದ್ಯಾಲಯ ಧನಸಹಾಯ ಆಯೋಗದ 2009ರ ನಿಯಮಗಳು ಮಹಾಪ್ರಬಂಧಗಳ ವಿದ್ಯುನ್ಮಾನ ಪ್ರತಿ ಸಲ್ಲಿಸುವುದನ್ನು ಕಡ್ಡಾಯಗೊಳಿಸಿದವು. 'ಶೋಧಗಂಗಾ' ಭಂಡಾರದಲ್ಲಿ ಅವು ಈಗ ಎಲ್ಲರಿಗೂ ದೊರೆಯುತ್ತವೆ. ಇದು ಸ್ವಾಗತಾರ್ಹವೇ. ಆದರೆ ಜಾನಪದ ಪ್ರಬಂಧಗಳ ಅನುಬಂಧದಲ್ಲಿ ವಕ್ತೃಗಳ ಹೆಸರು, ವಯಸ್ಸು, ಜಾತಿ, ಊರುಗಳ ಪಟ್ಟಿ ಕೊಡುವುದು ರೂಢಿ. ಹೀಗಾಗಿ ಕಾಪಾಡಬೇಕಾದ ವಿವರ ಬಯಲಿಗೆ ಬಿದ್ದಿದೆ. ಪರಿಶೀಲನೆಗೆ ಸಿಗಬೇಕಾದ ಧ್ವನಿ ಮನೆಯ ಕಪಾಟಿನಲ್ಲಿ ಬೂಷ್ಟು ಹಿಡಿಯುತ್ತಿದೆ. ಕಾಂತಸುರುಳಿಗೆ ತೇವ ಶತ್ರು. ಅದನ್ನು ನುಡಿಸುವ ಯಂತ್ರಗಳೂ ವಿರಳವಾಗಿವೆ.

ಪರಿಹಾರಕ್ಕೆ ಮಾದರಿಗಳು ಇಲ್ಲದಿಲ್ಲ. 1982ರಲ್ಲಿ ಪುಣೆಯಲ್ಲಿ ಆರಂಭವಾಗಿ ಮುಂದೆ ಗುರುಗ್ರಾಮಕ್ಕೆ ಸ್ಥಳಾಂತರಗೊಂಡ ಜನಾಂಗೀಯ ಸಂಗೀತದ ದಾಖಲೆ ಮತ್ತು ಸಂಶೋಧನ ಕೇಂದ್ರವು, ಸಂಗ್ರಹ ನೀಡಿದವರೊಡನೆ ಬಳಕೆಯ ಷರತ್ತುಗಳನ್ನು ಬರೆಹದಲ್ಲಿ ಮಾಡಿಕೊಳ್ಳುತ್ತದೆ. ವೈಜ್ಞಾನಿಕ ದತ್ತಾಂಶದ ಬಗೆಗೆ 2016ರಲ್ಲಿ ರೂಪುಗೊಂಡ 'ಫೇರ್' ತತ್ತ್ವಗಳು ಆಕರ ಹುಡುಕಲು ಸಿಗಬೇಕು, ಮರುಬಳಕೆಗೆ ಒದಗಬೇಕು ಎಂದರೆ, 2019ರ 'ಕೇರ್' ತತ್ತ್ವಗಳು ಆಕರದ ಮೇಲೆ ಮೂಲನಿವಾಸಿ ಸಮುದಾಯಗಳ ಅಧಿಕಾರವನ್ನು ಎತ್ತಿಹಿಡಿದವು. ಜಾನಪದಕ್ಕೆ ಇವೆರಡೂ ಬೇಕು.

ಆದುದರಿಂದ ಮಹಾಪ್ರಬಂಧದೊಡನೆ ಧ್ವನಿಮುದ್ರಣದ ಪ್ರತಿಯನ್ನೂ ಭಂಡಾರಕ್ಕೆ ಒಪ್ಪಿಸುವುದು ಕಡ್ಡಾಯವಾಗಬೇಕು. ವಕ್ತೃವಿನ ಒಪ್ಪಿಗೆಯನ್ನು ಅವರ ಭಾಷೆಯಲ್ಲಿಯೇ, ಅಕ್ಷರ ಬಾರದವರಾದರೆ ಧ್ವನಿಯಲ್ಲಿಯೇ, ಪಡೆಯಬೇಕು. ಎಲ್ಲರಿಗೂ ತೆರೆದುದು, ಸಂಶೋಧಕರಿಗೆ ಮಾತ್ರ ತೆರೆದುದು, ಸಮುದಾಯದ ಅನುಮತಿಯಿಂದ ಮಾತ್ರ ದೊರೆಯುವುದು ಎಂದು ಆಕರಗಳನ್ನು ವಿಂಗಡಿಸಬೇಕು. ಕಲಾವಿದನ ಹೆಸರಿನ ಗೌರವ ಉಳಿಯಬೇಕು. ಖಾಸಗಿ ಸಂಗತಿ ಮರೆಯಲ್ಲಿರಬೇಕು. ಒಂದು ಪ್ರತಿ ಗಾಯಕನ ಮನೆಗೂ ತಲುಪಬೇಕು. 2011ರಲ್ಲಿ ಸ್ಥಾಪನೆಯಾದ ಗೊಟಗೋಡಿಯ ಕರ್ನಾಟಕ ಜಾನಪದ ವಿಶ್ವವಿದ್ಯಾಲಯ ಮತ್ತು ಅಕಾಡೆಮಿಗಳು ಒಟ್ಟಾಗಿ ಈ ಹೊಣೆಯನ್ನು ಹೊರಬಹುದು. ಹಿಂದಿನ ತಲೆಮಾರಿನ ಗಾಯಕರು ಒಬ್ಬೊಬ್ಬರಾಗಿ ಮರೆಯಾಗುತ್ತಿರುವಾಗ ಅವರ ಧ್ವನಿ ಇರುವ ಸುರುಳಿಗಳನ್ನು ಮೊದಲು ಹುಡುಕಿ ತರುವುದು ಆಗಬೇಕಾದ ಕೆಲಸ.