ಮರಳಿನ ಕೊಳವೆಯಿಂದ ಹೊರಟ ಲೆಕ್ಕ

ಫ್ರಾನ್ಸಿನ ದಿಜೋನ್ ಊರಿಗೆ 1840ರಲ್ಲಿ ದೂರದ ಬುಗ್ಗೆಯ ನೀರು ಹರಿಸಿದವನು ಆನ್ರಿ ಡಾರ್ಸಿ. ಆ ಉಪಕಾರವೊಂದೇ ಸಾಕಿತ್ತು ಅವನ ಹೆಸರು ಉಳಿಯಲು. ಆದರೆ ಅವನು ಅಲ್ಲಿನ ಆಸ್ಪತ್ರೆಯೊಂದರಲ್ಲಿ 35 ಸೆಂಟಿಮೀಟರ್ ಅಗಲದ ಕಬ್ಬಿಣದ ಕೊಳವೆ ನಿಲ್ಲಿಸಿ, ಮರಳು ತುಂಬಿ, ನೀರು ಬಿಟ್ಟ. ಮೇಲೆ ಕೆಳಗೆ ಪಾದರಸದ ಒತ್ತಡಮಾಪಕ. ಒತ್ತಡದ ವ್ಯತ್ಯಾಸ ಹೆಚ್ಚಿದಷ್ಟೂ ಹರಿವು ಹೆಚ್ಚು, ಮರಳಿನ ದಪ್ಪ ಹೆಚ್ಚಿದಷ್ಟೂ ಕಡಿಮೆ. 1856ರಲ್ಲಿ ಅಚ್ಚಾದ ಈ ನಿಯಮವೇ ಅಂತರ್ಜಲ ಶಾಸ್ತ್ರದ ತಳಪಾಯ.

ನೆಲವಾದರೋ ಒಂದೇ ಮರಳಲ್ಲ, ಪದರ ಪದರ.

ಹತ್ತು ಮೀಟರ್ ಮರಳು, ಅದರಡಿ ಹತ್ತು ಮೀಟರ್ ಜೇಡಿ ಇದೆಯೆನ್ನಿ. ನೀರು ಸಾಗಿಸುವ ಶಕ್ತಿ ಮರಳಿಗೆ ದಿನಕ್ಕೆ 10 ಮೀಟರ್, ಜೇಡಿಗೆ 0.001. ಅಡ್ಡಲಾಗಿ ಹರಿಯುವಾಗ ಸರಾಸರಿ ಸುಮಾರು 5, ಮರಳೇ ಯಜಮಾನ. ಮೇಲಿಂದ ಕೆಳಕ್ಕಾದರೆ ಬರೀ 0.002, ಜೇಡಿಯದೇ ಆಳ್ವಿಕೆ. ಅದೇ ನೆಲ, ದಿಕ್ಕು ಬದಲಾದರೆ ಎರಡು ಸಾವಿರ ಪಟ್ಟಿಗೂ ಮೀರಿದ ಅಂತರ! ಈ ಬೆರಗು ಎಷ್ಟು ಸಲ ಕಂಡರೂ ಹಳತಾಗದು.

ಡಾರ್ಸಿಯ ನಿಯಮದ ಮೇಲೆಯೇ ಡ್ಯುಪ್ವಿ ಎಂಬವನು 1863ರಲ್ಲಿ ಬಾವಿಗೆ ಹರಿದುಬರುವ ನೀರಿನ ಸೂತ್ರ ಕಟ್ಟಿದ. 1935ರಲ್ಲಿ ಅಮೆರಿಕದ ಥೈಸ್ ಕಾಲವನ್ನೂ ಲೆಕ್ಕಕ್ಕೆ ತಂದ. 1955ರಲ್ಲಿ ಹಂತುಷ್ ಮತ್ತು ಜೇಕಬ್ ಸೋರುವ ಜೇಡಿಯನ್ನೂ ಸಮೀಕರಣಕ್ಕೆ ಸೇರಿಸಿದರು: ಜೇಡಿಯ ಕೆಳಗಿನ ಪದರದಿಂದ ಪಂಪು ನೀರೆತ್ತಿದಾಗ, ಮೇಲಿನ ಪದರದ ನೀರು ಜೇಡಿಯ ಮೂಲಕ ಮೆಲ್ಲಗೆ ಜಿನುಗಿ ಬಾವಿ ಸೇರುತ್ತದೆ.